ಫ್ರೀಸ್ಟೈಲ್: ವೇಗದ ಈಜು ಬೆಳೆದು ಬಂದ ದಾರಿ

ಸ್ಪರ್ಧೆಯಲ್ಲಿ ‘ಫ್ರೀಸ್ಟೈಲ್’ ಎಂದರೆ ಇಷ್ಟಬಂದ ಶೈಲಿಯಲ್ಲಿ ಈಜುವ ಅವಕಾಶ. ಎಲ್ಲಕ್ಕಿಂತ ವೇಗದ ಶೈಲಿ ‘ಫ್ರಂಟ್ ಕ್ರಾಲ್’ ಆದ್ದರಿಂದ ಈಜುಗಾರರು ಅದನ್ನೇ ಆರಿಸಿಕೊಳ್ಳುತ್ತಾರೆ.

ಇತಿಹಾಸ
1844ರಲ್ಲಿ ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನ ಕೊಳವೊಂದರಲ್ಲಿ ತೋಳುಗಳನ್ನು ನೀರಿನ ಮೇಲೆ ಬೀಸುತ್ತ ಈಜಿದರು. ಬ್ರೆಸ್ಟ್‌ಸ್ಟ್ರೋಕ್‌ಗೆ ಒಗ್ಗಿದ್ದ ಆಂಗ್ಲರಿಗೆ ಅದು ಒರಟಾಗಿ ಕಂಡಿತು. 1870ರ ದಶಕದಲ್ಲಿ ಜಾನ್ ಟ್ರಡ್ಜನ್, ದಕ್ಷಿಣ ಅಮೆರಿಕದಲ್ಲಿ ಕಲಿತ ಇಂಥದೇ ಕೈಬೀಸನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದರು. 1900ರ ಆಸುಪಾಸಿನಲ್ಲಿ ಸಿಡ್ನಿಯಲ್ಲಿ ಸಾಲೊಮನ್ ದ್ವೀಪಗಳ ಅಲಿಕ್ ವಿಕ್‌ಹ್ಯಾಮ್ ಹಾಗೂ ಕ್ಯಾವಿಲ್ ಸಹೋದರರು ಇದಕ್ಕೆ ಕಾಲುಬಡಿತವನ್ನು ಜೋಡಿಸಿದರು; ಅದು ‘ಆಸ್ಟ್ರೇಲಿಯನ್ ಕ್ರಾಲ್’ ಎಂದು ಹೆಸರಾಯಿತು. 1922ರಲ್ಲಿ ಅಮೆರಿಕದ ಜಾನಿ ವೈಸ್‌ಮುಲ್ಲರ್ 100 ಮೀಟರ್ ದೂರವನ್ನು 58.6 ಸೆಕೆಂಡುಗಳಲ್ಲಿ ಕ್ರಮಿಸಿ, ಒಂದು ನಿಮಿಷದೊಳಗೆ ಗುರಿ ಮುಟ್ಟಿದ ಮೊದಲಿಗರಾದರು.

ತಂತ್ರ
ದೇಹ: ಬೋರಲಾಗಿ, ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಚಾಚಿರುತ್ತದೆ, ನೋಟ ಕೊಳದ ತಳದತ್ತ.
ಕೈ: ಒಂದು ಕೈ ಮುಂದೆ ಚಾಚಿ ನೀರನ್ನು ಹಿಂದಕ್ಕೆ ತಳ್ಳುವಾಗ ಇನ್ನೊಂದು ನೀರಿನ ಮೇಲಿಂದ ಮುಂದೆ ಬರುತ್ತದೆ.
ಕಾಲು: ಬಡಿತ ಸೊಂಟದಿಂದ ಹುಟ್ಟಬೇಕು, ಮಂಡಿ ಹೆಚ್ಚು ಮಡಚಬಾರದು.
ಉಸಿರು: ಮೈ ಹೊರಳುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರೆಳೆದು, ನೀರಿನೊಳಗೆ ಬಿಡಬೇಕು.

ಕ್ರಾಲ್ ರೂಪುಗೊಂಡ ಅದೇ ಸಿಡ್ನಿಯಲ್ಲಿ, 2000ರ ಒಲಿಂಪಿಕ್ಸ್‌ನಲ್ಲಿ, ಬೆಂಗಳೂರಿನ ನಿಶಾ ಮಿಲ್ಲೆಟ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಸ್ಪರ್ಧಿಸಿದರು.