ಕಲ್ಯಾಣದ ಲಿಂಗವೂ ಬೆಳ್ಳಿಯ ಕರಡಿಗೆಯೂ

ಹುಮನಾಬಾದ ತಾಲೂಕಿನ ಹುಡಗಿಯಿಂದ ಬಸವಕಲ್ಯಾಣದವರೆಗಿನ ಸೀಮೆಯಲ್ಲಿ, ಶಿವದಾರದಿಂದ ಎದೆಯ ಮೇಲೆ ಇಳಿಬಿದ್ದ ಕರಡಿಗೆಯು ನಿತ್ಯದ ನೋಟವು. ಇದೇ ಬೆಳ್ಳಿಯ ಕರಡಿಗೆಯು ಇಂದು ದೂರದ ನಗರಗಳ ಪುರಾತನ ವಸ್ತುಗಳ ಅಂಗಡಿಗಳಲ್ಲಿಯೂ ಪರದೇಶದ ಸಂಗ್ರಹಾಲಯಗಳಲ್ಲಿಯೂ ದೊರೆಯುವುದು. ಅಲ್ಲಿ ಅದು ಬಹುಮಟ್ಟಿಗೆ ಬರಿದಾಗಿರುವುದು.

ಸಂಘದ ಗುರುತನ್ನು ಎದೆಯ ಮೇಲೆ ಧರಿಸುವ ಪದ್ಧತಿಯು ಅನ್ಯದೇಶಗಳಲ್ಲಿಯೂ ಉಂಟು. 1717ರಲ್ಲಿ ಲಂಡನ್ನಿನಲ್ಲಿ ತಮ್ಮ ಮಹಾಲಾಡ್ಜನ್ನು ಸ್ಥಾಪಿಸಿದ ಫ್ರೀಮೇಸನ್ನರಲ್ಲಿ ಕೊರಳಪಟ್ಟಿಯ ಪದಕವು ಅಧಿಕಾರವನ್ನು ಸೂಚಿಸುವುದು. ಮೂಲೆಮಟ್ಟದ ಆಕಾರವಿದ್ದರೆ ಅದು ಲಾಡ್ಜಿನ ಅಧ್ಯಕ್ಷನದು. ಅವರ 1723ರ ನಿಬಂಧನೆಗಳು ಸ್ತ್ರೀಯರನ್ನು ಹೊರಗಿಟ್ಟುವು. ಸ್ತ್ರೀಪುರುಷರನ್ನು ಸಮವಾಗಿ ಸೇರಿಸಿಕೊಳ್ಳುವ ಲಾಡ್ಜು ಪ್ಯಾರಿಸಿನಲ್ಲಿ ಹುಟ್ಟಿದುದು 1893ರಲ್ಲಿ. ಆನಿ ಬೆಸೆಂಟರು ಅದನ್ನು ಸೇರಿದುದು 1902ರಲ್ಲಿ. ಇಂಥ ಪದಕಗಳನ್ನು ಕೂಡಿಡುವವರು ಲೋಹವನ್ನೂ ಆಕಾರವನ್ನೂ ನೋಡಿ ಧರಿಸಿದವನ ಪದವಿಯನ್ನು ಹೇಳಬಲ್ಲರು.

ಕರಡಿಗೆಯ ವಿಷಯದಲ್ಲಿ ಈ ಕ್ರಮವು ಸಲ್ಲದು. ಇಷ್ಟಲಿಂಗವು ಪೂಜಾವಸ್ತುವೇ ಹೊರತು ಬಿರುದಲ್ಲ. ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದ ಕಲ್ಯಾಣದಲ್ಲಿ, ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಅಕ್ಕಿಯನ್ನಾಯುವ ಲಕ್ಕಮ್ಮನೂ ನೂಲುವ ಕದಿರ ರೆಮ್ಮವ್ವೆಯೂ ಶರಣರೆನಿಸಿದರು. ಹೆಣ್ಣಿಗೊಂದು, ಗಂಡಿಗೊಂದು, ಒಡೆಯನಿಗೊಂದು ಎಂಬ ಬೇರೆ ಬೇರೆ ಲಿಂಗಗಳಿರಲಿಲ್ಲ. ಹುಲ್ಲು ಕೊಯ್ಯುವಾಗ ಕೊರಳಿನಿಂದ ಜಾರಿ ನೀರಿಗೆ ಬಿದ್ದ ಲಿಂಗವನ್ನು ಚಂದಯ್ಯನು ಎತ್ತಿಕೊಳ್ಳದೆ ಕಾಯಕಕ್ಕೆ ನಡೆದನೆಂದೂ, ಲಿಂಗವೇ ಅವನ ಹಿಂದೆ ಬಂದಿತೆಂದೂ ಸಂಪ್ರದಾಯವು ಹೇಳುವುದು. ಅಂಥವನು ಪೆಟ್ಟಿಗೆಯ ಚೆಲುವಿಗೆ ಎಷ್ಟು ಬೆಲೆ ಕೊಡುತ್ತಿದ್ದನೆಂಬುದನ್ನು ವಾಚಕರೇ ಊಹಿಸಬಹುದು.

ಭೇದವು ಹೊರಗಿನ ಕೋಶದಲ್ಲಿ ಬಂದಿತು. ಒಳಗಿನ ಸಣ್ಣ ಕಲ್ಲೂ ಅದರ ಕಪ್ಪು ಲೇಪವೂ ಎಲ್ಲರಿಗೂ ಒಂದೇ. ಆದರೆ ಬಡವರು ಅದನ್ನು ಅರಿವೆಯಲ್ಲಿ ಕಟ್ಟಿಕೊಂಡರು, ಉಳ್ಳವರು ಬೆಳ್ಳಿಯಲ್ಲಿಟ್ಟರು. ತತ್ತಿಯಂತೆ ದುಂಡಾದುದೂ, ಎರಡು ತುದಿಗಳು ಕೋಡಿನಂತೆ ಚಾಚಿದ ಚೌಕವೂ ಅಕ್ಕಸಾಲಿಗರ ಕೈಯಲ್ಲಿ ರೂಪುಗೊಂಡುವು. ಧರಿಸಿದವರು ಲಿಂಗೈಕ್ಯರಾದಾಗ ಲಿಂಗವು ಅಂಗೈಯಲ್ಲಿದ್ದು ದೇಹದೊಡನೆ ಸಮಾಧಿಯನ್ನು ಸೇರುವುದು. ಬೆಳ್ಳಿಯು ಮನೆಯಲ್ಲಿ ಉಳಿಯಬಹುದು. ಆದುದರಿಂದ ಸಂಗ್ರಹಕಾರನ ಕೈಗೆ ಸಿಕ್ಕುವುದು ಶರಣರು ಸಮಾನವೆಂದುದಲ್ಲ, ಅವರು ಲೆಕ್ಕಿಸದೆ ಬಿಟ್ಟ ಸಂಪತ್ತಿನ ಅಂತರವೇ. ಅರಿವೆಯಲ್ಲಿ ಕಟ್ಟಿಕೊಂಡವರು ಯಾವ ಸಂಗ್ರಹದಲ್ಲಿಯೂ ಇಲ್ಲ.

ಹಾಗೆಂದು ಸಂಗ್ರಹವೇ ಬೇಡವೆನ್ನುವುದು ಸರಿಯಲ್ಲ. ತೂಕಕ್ಕೆ ಮಾರಿದ ಕರಡಿಗೆಯು ಮೂಸೆಯಲ್ಲಿ ಕರಗಿದರೆ ಅಕ್ಕಸಾಲಿಗನ ಕೆಲಸವೂ ಕರಗಿತು. ಆದರೆ ಊರಿನ ಹೆಸರಿಲ್ಲದ, ಮನೆತನದ ನೆನಪಿಲ್ಲದ ಕರಡಿಗೆಯು ಗಾಜಿನ ಕಪಾಟಿನಲ್ಲಿ ಬರಿಯ ಬೆಳ್ಳಿಯೇ ಸರಿ. ಕೊಳ್ಳುವವರು ಅದು ಯಾವ ಗ್ರಾಮದ್ದು, ಗಂಡಸಿನದೋ ಹೆಂಗಸಿನದೋ, ಎಷ್ಟು ತಲೆಮಾರು ಮನೆಯಲ್ಲಿದ್ದಿತು ಎಂಬುದನ್ನು ಮಾರುವವರ ಬಾಯಿಂದಲೇ ಕೇಳಿ ಬರೆದಿಡತಕ್ಕದ್ದು. ಸವೆದ ಶಿವದಾರವನ್ನೂ ಕಿತ್ತೆಸೆಯದೆ ಅದರೊಡನೆಯೇ ಇಡತಕ್ಕದ್ದು.