ಪ್ರೋಟೀನ್ ತಿಂದರೆ ತೂಕ ಇಳಿಯುತ್ತದೆಯೇ? ಫಾರ್ವರ್ಡ್ ಮೆಸೇಜ್‌ಗಳು ಬಿಟ್ಟುಬಿಡುವ ಲೆಕ್ಕ

‘ಅನ್ನ, ಮುದ್ದೆ ಬಿಡಿ, ಪ್ರೋಟೀನ್ ತಿನ್ನಿ, ಕೊಬ್ಬು ತಾನಾಗಿಯೇ ಕರಗುತ್ತದೆ’ ಎನ್ನುವ ಅರ್ಥದ ಮೆಸೇಜ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಜೊತೆಗೆ ಬಾದಾಮಿ, ಪನೀರ್, ಪೌಡರ್ ಡಬ್ಬಿಯ ಚಿತ್ರ. ಇದು ಅರ್ಧ ನಿಜ. ತೂಕ ಇಳಿಸಲು ಪ್ರೋಟೀನ್ ನೆರವಾಗುತ್ತದೆ, ಆದರೆ ಅದು ಕೊಬ್ಬನ್ನು ಕರಗಿಸುವ ಔಷಧಿಯಲ್ಲ.

ನೆರವಾಗುವುದು ಹೇಗೆ?

ಮುಖ್ಯವಾಗಿ ಹಸಿವಿನ ಮೂಲಕ. ಪ್ರೋಟೀನ್ ಚೆನ್ನಾಗಿರುವ ಊಟ ಮಾಡಿದರೆ ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುತ್ತದೆ. ಸಂಜೆ ನಾಲ್ಕಕ್ಕೆ ಬೋಂಡಾ, ಬಿಸ್ಕತ್ತಿನ ಕಡೆ ಕೈ ಹೋಗುವುದು ಕಡಿಮೆಯಾಗುತ್ತದೆ.

ಇನ್ನೊಂದು, ಜೀರ್ಣಕ್ಕೆ ತಗಲುವ ಖರ್ಚು. 100 ಕ್ಯಾಲೊರಿ ಪ್ರೋಟೀನ್ ತಿಂದರೆ ಅದನ್ನು ಅರಗಿಸಿ ಬಳಸಿಕೊಳ್ಳಲು ದೇಹ 20ರಿಂದ 30 ಕ್ಯಾಲೊರಿ ಖರ್ಚು ಮಾಡುತ್ತದೆ. ಪಿಷ್ಟಕ್ಕೆ ಈ ಖರ್ಚು 5ರಿಂದ 10, ಕೊಬ್ಬಿಗೆ 3ರ ಒಳಗೆ. ಫಾರ್ವರ್ಡ್‌ಗಳು ಹಿಗ್ಗಿಸಿ ಹೇಳುವುದು ಇದನ್ನೇ. ಲೆಕ್ಕ ಹಾಕಿ ನೋಡಿ: ದಿನಕ್ಕೆ 25 ಗ್ರಾಂ ಪ್ರೋಟೀನ್ ಹೆಚ್ಚಿಸಿದರೂ ಹೀಗೆ ಉಳಿಯುವುದು ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತಿನಷ್ಟು ಕ್ಯಾಲೊರಿ.

ಫಾರ್ವರ್ಡ್‌ಗಳು ಅಷ್ಟಾಗಿ ಹೇಳದ ವಿಷಯವೊಂದಿದೆ, ಸ್ನಾಯು. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕದ ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗದು, ನಾವು ಮಾತ್ರ ಖುಷಿಪಡುತ್ತೇವೆ. ಸಾಕಷ್ಟು ಪ್ರೋಟೀನ್ ತಿಂದು, ಭಾರ ಎತ್ತುವ ಅಥವಾ ಬಸ್ಕಿಯಂಥ ವ್ಯಾಯಾಮ ಮಾಡಿದರೆ ಈ ನಷ್ಟ ತಗ್ಗುತ್ತದೆ. ಐವತ್ತು ದಾಟಿದವರಿಗಂತೂ ಇದು ಬಹಳ ಮುಖ್ಯ. ಮೆಟ್ಟಿಲು ಹತ್ತಲು, ನೆಲದಿಂದ ಏಳಲು ಬೇಕಾಗುವುದು ಆ ಸ್ನಾಯುವೇ.

ಹಾಗಾದರೆ ತೂಕ ಏಕೆ ಏರುತ್ತದೆ?

ಪ್ರೋಟೀನ್‌ನಲ್ಲೂ ಗ್ರಾಂಗೆ 4 ಕ್ಯಾಲೊರಿ ಇದೆ, ಪಿಷ್ಟದಷ್ಟೇ. ಮೇಲಾಗಿ ಅದು ಒಂಟಿಯಾಗಿ ಬರುವುದು ಅಪರೂಪ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಡಲೆಕಾಯಿಬೀಜದಲ್ಲಿ 7 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಜೊತೆಗೆ 170 ಕ್ಯಾಲೊರಿ ಬರುತ್ತದೆ, ಅದರಲ್ಲಿ ಹೆಚ್ಚಿನದು ಎಣ್ಣೆಯಂಶದ್ದು. ಮಾಮೂಲಿ ಊಟ ಹಾಗೇ ಇಟ್ಟುಕೊಂಡು ಇದನ್ನು ಮೇಲೆ ಸೇರಿಸಿದರೆ ತೂಕ ಏರುವುದೇ ಸರಿ. ಅನ್ನ ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಹೆಸರುಕಾಳಿನ ಪಲ್ಯ ಬಂದರೆ ಲೆಕ್ಕ ಬೇರೆ.

ಎಷ್ಟು ಬೇಕು?

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ.

ನಮ್ಮ ತಟ್ಟೆಯಲ್ಲಿ ಅಷ್ಟಿದೆಯೇ? ‘ದಿನಾ ಬೇಳೆ ತಿನ್ನುತ್ತೇವಲ್ಲ’ ಎನ್ನುತ್ತೇವೆ. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುವುದು ನಿಜ, ಆದರೆ ಅದು ಬೇಯಿಸುವ ಮುಂಚಿನ ತೂಕಕ್ಕೆ. ಒಬ್ಬರ ಪಾಲಿನ ತಿಳಿಸಾರಿಗೆ ಒಂದು ದೊಡ್ಡ ಚಮಚ ಬೇಳೆ ಬಿದ್ದಿದ್ದರೆ ಸಿಗುವುದು 3 ಗ್ರಾಂ. ಗಟ್ಟಿ ತೊವ್ವೆ, ಕಾಳಿನ ಹುಳಿಯಾದರೆ ಅದರ ಎರಡು ಪಟ್ಟು ಸಿಗಬಹುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಪ್ರೋಟೀನ್ ಮಾತ್ರ ಅಕ್ಕಿಯಷ್ಟೇ, 100 ಗ್ರಾಂಗೆ ಸುಮಾರು 7.

ಬೇಳೆಯ ಪ್ರೋಟೀನ್ ‘ಅಪೂರ್ಣ’ ಎಂದು ಹೆದರಬೇಕಿಲ್ಲ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಎರಡನ್ನೂ ಒಂದೇ ಹೊತ್ತಿಗೆ ತಿನ್ನಲೇಬೇಕು ಎಂದೂ ಇಲ್ಲ, ದಿನದಲ್ಲಿ ಎರಡೂ ಸೇರಿದರೆ ಸಾಕು. ಹೀಗೆ ಊಟದಲ್ಲೇ ಸಿಗುವಾಗ ಹೆಚ್ಚಿನವರಿಗೆ ದುಬಾರಿ ಪೌಡರ್ ಬೇಕಾಗುವುದಿಲ್ಲ.

ಕಿಡ್ನಿಗೆ ಅಪಾಯವೇ?

ಕಿಡ್ನಿ ಚೆನ್ನಾಗಿದ್ದವರಿಗೆ ಮೇಲೆ ಹೇಳಿದಷ್ಟು ಪ್ರೋಟೀನ್‌ನಿಂದ ತೊಂದರೆಯಿಲ್ಲ. ಈಗಾಗಲೇ ಕಿಡ್ನಿ ಕಾಯಿಲೆ ಇರುವವರಿಗೆ, ಅದರಲ್ಲೂ ಡಯಾಲಿಸಿಸ್‌ಗೆ ಮುಂಚಿನ ಹಂತದಲ್ಲಿ, ವೈದ್ಯರು ಪ್ರೋಟೀನ್‌ಗೆ ಮಿತಿ ಹಾಕುವುದುಂಟು. ಶುಗರ್, ಬಿಪಿ ಹಲವು ವರ್ಷಗಳಿಂದ ಇದ್ದವರಲ್ಲಿ ಈ ಕಾಯಿಲೆ ಯಾವ ಸೂಚನೆಯೂ ಇಲ್ಲದೆ ಶುರುವಾಗಿರಬಹುದು. ಮನೆಯಲ್ಲಿ ಅಂಥವರಿದ್ದರೆ ಪೌಡರ್ ಡಬ್ಬಿ ತರುವ ಮೊದಲು ರಕ್ತದ ಕ್ರಿಯೇಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಎಷ್ಟು ಪ್ರೋಟೀನ್ ತಿನ್ನಬಹುದು ಎಂದು ವೈದ್ಯರನ್ನೇ ಕೇಳಿ.