ಹೆಸರಿಲ್ಲದ ನೂಲು: ಬೆಂಗಳೂರಿನ ಹಳೆಯ ಪೇಟೆಯಲ್ಲೊಂದು ನಡಿಗೆ

ನಗರವೊಂದರ ಚರಿತ್ರೆಯನ್ನು ಶಾಸನ, ಕಡತ ಹಾಗೂ ಪ್ರವಾಸಿಗರ ಬರಹಗಳಿಂದ ಕಟ್ಟಿಕೊಳ್ಳುವುದು ರೂಢಿಯ ಕ್ರಮ. ಜಾನಪದ ಅಧ್ಯಯನಕ್ಕೆ ಇವುಗಳೊಡನೆ ಇನ್ನೂ ಎರಡು ಆಕರಗಳಿವೆ: ಸ್ಥಳನಾಮ ಮತ್ತು ಗಾದೆ. ಪ್ರಸ್ತುತ ಲೇಖನವು ನೂಲಿನ ಅಂಗಡಿಗಳನ್ನು ಅರಸುತ್ತ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕೈಗೊಂಡ ನಡಿಗೆಯಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ಈ ಆಕರಗಳ ನೆರವಿನಿಂದ ಪರಿಶೀಲಿಸುತ್ತದೆ.

1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರತೀತಿಯಿರುವ ಈ ಪೇಟೆಗೆ ಎರಡು ಬೀದಿಗಳೇ ಬೆನ್ನೆಲುಬು. ಉತ್ತರ ದಕ್ಷಿಣವಾಗಿ ಸಾಗುವ ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಪೂರ್ವ ಪಶ್ಚಿಮವಾಗಿ ಸಾಗುವುದು ಚಿಕ್ಕಪೇಟೆಯ ಬೀದಿ. ಇವುಗಳ ಸುತ್ತಲಿನ ಕೇರಿಗಳು ಕಸುಬು ಮತ್ತು ಸರಕುಗಳ ಹೆಸರನ್ನೇ ಧರಿಸಿಕೊಂಡಿವೆ. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೆಪೇಟೆ, ಗಾಣಿಗರಿಗೆ ಗಾಣಿಗರಪೇಟೆ, ಕುಂಬಾರರಿಗೆ ಕುಂಬಾರಪೇಟೆ, ನಗರ್ತ ವರ್ತಕರಿಗೆ ನಗರ್ತಪೇಟೆ. ಹತ್ತಿಗೂ ಒಂದು ಪೇಟೆಯಿದೆ, ಅದು ಅರಳೆಪೇಟೆ. ಆದರೆ ಅರಳೆಗೂ ಬಟ್ಟೆಗೂ ನಡುವಿನ ಸರಕಾದ ನೂಲಿನ ಹೆಸರು ಹೊತ್ತ ಪೇಟೆ ಜನಬಳಕೆಯ ಈ ಹೆಸರುಗಳ ಸಾಲಿನಲ್ಲಿ ಕಾಣುವುದಿಲ್ಲ. ಇದೇಕೆ?

ನೂಲನ್ನು ಕಾಣಬೇಕಾದರೆ ಅವೆನ್ಯೂ ರಸ್ತೆಯಿಂದ ಪೂರ್ವಕ್ಕೆ ತಿರುಗಿ ಕಬ್ಬನ್‌ಪೇಟೆಯ ಗಲ್ಲಿಗಳನ್ನು ಹೊಗಬೇಕು. ದೇವಾಂಗ ಮೊದಲಾದ ನೇಕಾರ ಸಮುದಾಯಗಳು ತಲೆಮಾರುಗಳಿಂದ ನೆಲೆಸಿದ ಕೇರಿ ಇದು. ಹೆಸರು ಮಾತ್ರ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನದು. ಇಕ್ಕಟ್ಟಾದ ಅಂಗಡಿಗಳಲ್ಲಿ ರೇಷ್ಮೆಯ ಲಡಿಗಳು, ಜರಿಯ ಕಟ್ಟುಗಳು ತೂಗುತ್ತಿರುತ್ತವೆ. ಹತ್ತಿನೂಲನ್ನು ಕೇಳಿದರೆ ಅಂಗಡಿಯವರು ಮೊದಲು ವಿಚಾರಿಸುವುದು ಅದರ ನಂಬರನ್ನು. ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಎಷ್ಟು ಲಡಿಗಳು ಅಡಗುತ್ತವೆಯೋ ಅದೇ ಆ ನೂಲಿನ ನಂಬರು; ನಂಬರು ಏರಿದಂತೆ ಎಳೆ ಸಣ್ಣದಾಗುತ್ತದೆ. ಈ ಅಳತೆ ಇಂಗ್ಲೆಂಡಿನ ಗಿರಣಿಗಳಿಂದ ಬಂದದ್ದು. ಮಗ್ಗದ ಪರಿಭಾಷೆಯಲ್ಲಿ ಹಾಸು, ಹೊಕ್ಕು, ಲಾಳಿ, ಕಂಡಿಕೆಗಳು ಅಚ್ಚಗನ್ನಡವಾಗಿಯೇ ಉಳಿದಿರುವಾಗ ನೂಲಿನ ಸಣ್ಣತನವನ್ನು ಹೇಳುವ ಮಾತು ಹೊರಗಿನದಾಗಿರುವುದು ಗಮನಾರ್ಹ. ನೇಯುವವರ ನುಡಿ ಉಳಿಯಿತು. ನೂಲುವವರ ನುಡಿಗೆ ಬೇರೊಂದು ಅಳತೆಗೋಲು ಬಂದು ಕೂಡಿತು.

ಹಾಗಾದರೆ ನೂಲುವವರು ಯಾರು? ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಪಟ್ಟೆಗಾರ, ಖತ್ರಿ, ತೊಗಟ, ದೇವಾಂಗ ಮುಂತಾದ ನೇಕಾರ ಪಂಗಡಗಳನ್ನು ಹೆಸರಿಸಿ ವಿವರಿಸುತ್ತಾನೆ. ನೂಲಿನ ವಿಷಯಕ್ಕೆ ಬಂದಾಗ ಪಂಗಡದ ಹೆಸರು ಅವನಿಗೆ ದೊರೆಯುವುದಿಲ್ಲ. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಯ ಬಡ ಹೆಂಗಸರೂ ವಾರದ ಸಂತೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಅರಳೆಯನ್ನು ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ಸಂತೆಯಲ್ಲಿಯೇ ನೇಕಾರರಿಗೆ ಮಾರುತ್ತಿದ್ದರೆಂಬ ಅರ್ಥದ ವಿವರವನ್ನು ಆತ ದಾಖಲಿಸಿದ್ದಾನೆ. ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿದೆ. ನೇಯ್ಗೆಗೆ ಕುಲವಿತ್ತು, ಕೇರಿಯಿತ್ತು. ನೂಲುವುದಕ್ಕೆ ಇದ್ದದ್ದು ಮನೆಯ ಜಗಲಿ ಮತ್ತು ವಾರಕ್ಕೊಮ್ಮೆ ಕೂಡಿ ಚದುರುವ ಸಂತೆ. ಚದುರಿಹೋಗುವುದಕ್ಕೆ ಸ್ಥಳನಾಮ ಅಂಟುವುದಿಲ್ಲ.

ಎಲ್ಲ ಕಸುಬುಗಳಿಗೂ ಪೇಟೆಯ ಹೆಸರಿಲ್ಲವಲ್ಲ ಎಂಬ ಆಕ್ಷೇಪ ಸಹಜವಾದುದೇ. ಆದರೆ ಈ ಮರೆವು ಸ್ಥಳನಾಮಕ್ಕಷ್ಟೇ ಸೀಮಿತವಲ್ಲ. ದೇವಾಂಗರ ಮೂಲಪುರಾಣದಲ್ಲಿ ದೇವಲನು ವಿಷ್ಣುವಿನ ನಾಭಿಕಮಲದಿಂದ ನೂಲನ್ನು ಪಡೆದು ಬರುತ್ತಾನೆ. ದಾರಿಯಲ್ಲಿ ರಕ್ಕಸರು ಅಡ್ಡಗಟ್ಟುತ್ತಾರೆ. ಚೌಡೇಶ್ವರಿ ಅವರನ್ನು ಸಂಹರಿಸುತ್ತಾಳೆ. ಅವರ ರಕ್ತದಿಂದ ನೂಲಿಗೆ ಬಣ್ಣಗಳು ದೊರೆಯುತ್ತವೆ. ನೂಲಿನ ಮೂಲ, ಅದರ ಪಯಣ, ಅದರ ಬಣ್ಣ ಎಲ್ಲಕ್ಕೂ ಈ ಕಥೆಯಲ್ಲಿ ಕಾರಣವಿದೆ. ನೂಲುವ ಕೈಯೊಂದು ಮಾತ್ರ ಇಲ್ಲ; ನೂಲು ಸಿದ್ಧವಾಗಿಯೇ ಸಿಗುತ್ತದೆ. ನೇಕಾರರ ದೃಷ್ಟಿಯಿಂದ ಕಟ್ಟಿದ ಕಥೆಯಲ್ಲಿ ಇದು ಸ್ವಾಭಾವಿಕವೂ ಹೌದು.

ಕಬ್ಬನ್‌ಪೇಟೆಯಿಂದ ಹಿಂದಿರುಗಿ, ಅವೆನ್ಯೂ ರಸ್ತೆಯನ್ನು ದಾಟಿ, ಚಿಕ್ಕಪೇಟೆಯ ಸೀರೆಯಂಗಡಿಗಳ ನಡುವೆ ಪಶ್ಚಿಮಕ್ಕೆ ನಡೆದರೆ ಮುಂದೆ ಅರಳೆಪೇಟೆ ಸಿಗುತ್ತದೆ. ಕರಗದ ಮೆರವಣಿಗೆ ಭೇಟಿ ನೀಡುವ ಮಸ್ತಾನ್ ಸಾಹೇಬರ ದರ್ಗಾ ಇರುವುದು ಇಲ್ಲಿಯೇ. ಈ ಕೇರಿಯಾಚೆಗೆ 1884ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಸ್ಥಾಪನೆಯಾಯಿತು. ಮುಂದೆ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿ ಬಿನ್ನಿ ಮಿಲ್ ಎಂದೇ ಪ್ರಸಿದ್ಧವಾಯಿತು. 19ನೆಯ ಶತಮಾನದಲ್ಲಿ ಮೊದಲು ಇಂಗ್ಲೆಂಡಿನ, ಅನಂತರ ಭಾರತದ ಗಿರಣಿಗಳ ನೂಲು ಮಾರುಕಟ್ಟೆಗೆ ಬಂದಾಗ ನೇಕಾರರು ಅದನ್ನೇ ಮಗ್ಗಕ್ಕೆ ಹೂಡಿ ಹೇಗೋ ಉಳಿದುಕೊಂಡರು. ಒಂದು ಮಗ್ಗವನ್ನು ನಡೆಸಲು ಹಲವು ರಾಟೆಗಳು ತಿರುಗಬೇಕಾಗಿದ್ದ ಕಾಲ ಮುಗಿಯಿತು. ಆ ರಾಟೆಗಳ ಮುಂದೆ ಕುಳಿತಿದ್ದವರ ಸಂತೆಯ ದುಡ್ಡೂ ಅಲ್ಲಿಗೆ ನಿಂತಿತು. ಇವರ ನಷ್ಟವನ್ನು ಹೇಳಿಕೊಳ್ಳಲು ಕುಲಪಂಚಾಯಿತಿಯಾಗಲಿ ಸಂಘವಾಗಲಿ ಇರಲಿಲ್ಲ. ಗಿರಣಿಗೆ ಮಾತ್ರ ಪೇಟೆಯ ಹೆಸರು ದಕ್ಕಿತು. ಗಿರಣಿ ಇಂದು ಇಲ್ಲ, ಬಿನ್ನಿಪೇಟೆ ಇದೆ.

ಪೇಟೆಯ ಹೆಸರುಗಳು ಚರಿತ್ರೆಯನ್ನು ಉಳಿಸುತ್ತವೆ ಎನ್ನುವಾಗ ಅವು ಯಾರ ಚರಿತ್ರೆಯನ್ನು ಉಳಿಸುತ್ತವೆ ಎಂಬುದನ್ನೂ ಕೇಳಬೇಕಾಗುತ್ತದೆ. ಒಂದೆಡೆ ನೆಲೆನಿಂತವರು, ಕುಲವಾಗಿ ಕೂಡಿದವರು, ಅಧಿಕಾರವುಳ್ಳವರು ಸ್ಥಳನಾಮವಾಗುತ್ತಾರೆ. ಮನೆಮನೆಯಲ್ಲಿ ಹಂಚಿಹೋದ ಹೆಣ್ಣಿನ ದುಡಿಮೆಗೆ ನಕ್ಷೆಯಲ್ಲಿ ಎಡೆಯಿಲ್ಲ. ಅದನ್ನು ಬೇರೆ ಆಕರಗಳಲ್ಲಿ ಅರಸಬೇಕು. “ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ಕನ್ನಡಿಗರು ಇಂದಿಗೂ ಆಡುತ್ತಾರೆ. ಗುಣದ ಅನುವಂಶಿಕತೆಯನ್ನು ಹೇಳುವ ಮಾತೆಂದೇ ಇದನ್ನು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಬುಕಾನನ್ನನ ವಿವರದೊಡನೆ ಇಟ್ಟು ಓದಿದಾಗ ಇದಕ್ಕೆ ಇನ್ನೊಂದು ಅರ್ಥವೂ ಹೊಳೆಯುತ್ತದೆ: ಸೀರೆಯ ಗುಣ ನೂಲಿನದು, ನೂಲಿನ ಗುಣ ತಾಯಿಯ ಕೈಯದು, ಆ ಕೈಯನ್ನು ನೋಡಿ ಕಲಿತವಳು ಮಗಳು. ಪೇಟೆ ಮರೆತ ಹೆಂಗಸರನ್ನು ಗಾದೆ ತಾಯಿ ಮಗಳೆಂದು ಕರೆದು, ನೂಲಿನ ಪಕ್ಕದಲ್ಲಿಯೇ ಕೂರಿಸಿದೆ.